ಮಾರ್ಚ್ 25: ಗ್ರೀಕರು ಆರಿಸಿಕೊಂಡ ದಿನ

ಮಾನ್ಯ ಅಧ್ಯಕ್ಷರೇ, ಸಹೃದಯ ಶ್ರೋತೃಗಳೇ,

ಗ್ರೀಸ್ ದೇಶದ ಆಧುನಿಕ ಚರಿತ್ರೆಯಲ್ಲಿ ಮಾರ್ಚ್ 25ರ ಹೆಸರಿನಲ್ಲಿ ಮೂರು ದೊಡ್ಡ ಸಂಗತಿಗಳು ಸೇರಿಕೊಂಡಿವೆ. 1821ರ ಸ್ವಾತಂತ್ರ್ಯ ಸಮರ, 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನ ಉದ್ಘಾಟನೆ ಮತ್ತು 1924ರ ಗಣರಾಜ್ಯ ಘೋಷಣೆ. ಇವು ಕಾಕತಾಳೀಯವಾಗಿ ಕೂಡಿಬಂದವಲ್ಲ. ಗ್ರೀಕರು ಆ ದಿನವನ್ನು ಬೇಕೆಂದೇ ಆರಿಸಿಕೊಂಡರು ಎಂಬುದು ನನ್ನ ತಿಳಿವಳಿಕೆ.

ಮಾರ್ಚ್ 25 ಮೂಲತಃ ಕ್ರೈಸ್ತರ ಮಂಗಳವಾರ್ತೆಯ ಹಬ್ಬ, ಅಂದರೆ ಯೇಸು ಹುಟ್ಟಲಿರುವ ಸುದ್ದಿಯನ್ನು ದೇವದೂತ ಮರಿಯಳಿಗೆ ತಿಳಿಸಿದ ದಿನ. ಒಟ್ಟೊಮನ್ ಆಳ್ವಿಕೆಯನ್ನು ಕಿತ್ತೊಗೆಯಲು 1814ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಫಿಲಿಕಿ ಎಟೇರಿಯಾ ಎಂಬ ರಹಸ್ಯ ಸಂಘಟನೆಯು ದಂಗೆಗೆ ಈ ಶುಭದಿನವನ್ನೇ ಗೊತ್ತುಪಡಿಸಿತ್ತು. ಪತ್ರಾಸ್‌ನ ಬಿಷಪ್ ಗೆರ್ಮಾನೋಸ್ ಅಂದು ಕಲಾವ್ರಿತಾ ಬಳಿಯ ಆಗಿಯಾ ಲಾವ್ರಾ ಮಠದಲ್ಲಿ ಬಾವುಟವನ್ನು ಎತ್ತಿ ಹಿಡಿದು, ಹೋರಾಟಗಾರರಿಂದ ಪ್ರತಿಜ್ಞೆ ಮಾಡಿಸಿದರೆಂದು ಜನರು ಇಂದಿಗೂ ನಂಬುತ್ತಾರೆ. 1865ರಲ್ಲಿ ಥಿಯೊಡೊರೊಸ್ ವ್ರಿಜಾಕಿಸ್ ಬಿಡಿಸಿದ ಚಿತ್ರ ಆ ನಂಬಿಕೆಗೆ ಕಣ್ಣಿಗೆ ಕಟ್ಟುವ ರೂಪ ಕೊಟ್ಟಿತು. ಆದರೆ ಇತಿಹಾಸಕಾರರು ಈ ಕಥೆಯನ್ನು ಒಪ್ಪುವುದಿಲ್ಲ, ಗೆರ್ಮಾನೋಸ್ ಅವರ ಆತ್ಮಕಥನದಲ್ಲಿಯೂ ಅದರ ಪ್ರಸ್ತಾಪವಿಲ್ಲ. ಫಿಲಿಕಿ ಎಟೇರಿಯಾದ ನಾಯಕ ಅಲೆಕ್ಸಾಂಡರ್ ಇಪ್ಸಿಲಾಂಟಿಸ್ ಫೆಬ್ರವರಿಯಲ್ಲಿಯೇ ಪ್ರುತ್ ನದಿಯನ್ನು ದಾಟಿ ಮೊಲ್ಡಾವಿಯಾ ಪ್ರವೇಶಿಸಿದ್ದರು; ಮಾರ್ಚ್ 23ರಂದು ಪೆಟ್ರೊಬೇ ಮಾವ್ರೊಮಿಖಾಲಿಸ್, ಕೊಲೊಕೊಟ್ರೊನಿಸ್ ಮೊದಲಾದ ದಂಗೆಯ ಮುಖಂಡರ ಪಡೆಗಳು ಕಲಮಾತಾ ಪಟ್ಟಣವನ್ನು ವಶಪಡಿಸಿಕೊಂಡಿದ್ದವು. ಅಂದರೆ ಬಾವುಟ ಏರಿತೆನ್ನುವ ಹೊತ್ತಿಗೆ ಯುದ್ಧ ಶುರುವಾಗಿಹೋಗಿತ್ತು. ಹೀಗಿದ್ದೂ ದೊರೆ ಒಟ್ಟೊ 1838ರ ಆಜ್ಞೆಯಲ್ಲಿ ಇದೇ ದಿನವನ್ನು ರಾಷ್ಟ್ರೀಯ ಹಬ್ಬವಾಗಿಸಿದುದು ನನಗೆ ತಪ್ಪಾಗಿ ತೋರುವುದಿಲ್ಲ. ಹಲವು ಊರುಗಳಲ್ಲಿ ಹಲವು ದಿನ ಹೊತ್ತಿಕೊಂಡ ಹೋರಾಟವನ್ನು ಎಲ್ಲರೂ ಒಟ್ಟಾಗಿ ನೆನೆಯಲು, ಪ್ರತಿ ಹಳ್ಳಿಯೂ ಆಗಲೇ ಆಚರಿಸುತ್ತಿದ್ದ ಹಬ್ಬಕ್ಕಿಂತ ತಕ್ಕ ದಿನ ಮತ್ತೊಂದಿರಲಿಲ್ಲ.

ಒಲಿಂಪಿಕ್ಸ್ ವಿಷಯದಲ್ಲಿ ಪಂಚಾಂಗದ ತೊಡಕೊಂದಿದೆ. ನಮ್ಮ ಪುಸ್ತಕಗಳು ಉದ್ಘಾಟನೆಯ ದಿನವನ್ನು 1896ರ ಏಪ್ರಿಲ್ 6 ಎನ್ನುತ್ತವೆ. ಗ್ರೀಸ್ ಆಗ ಜೂಲಿಯನ್ ಪಂಚಾಂಗವನ್ನು ಬಳಸುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ನಾವಿಂದು ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕಿಂತ 12 ದಿನ ಹಿಂದಿದ್ದುದರಿಂದ ಅಥೆನ್ಸ್‌ನಲ್ಲಿ ಅಂದು ಮಾರ್ಚ್ 25. ಜೊತೆಗೆ ಅದು ಈಸ್ಟರ್ ಸೋಮವಾರವೂ ಹೌದು. ಅಲೆಕ್ಸಾಂಡ್ರಿಯಾದ ಗ್ರೀಕ್ ವರ್ತಕ ಗಿಯೋರ್ಗಿಯೋಸ್ ಅವೆರೋಫ್ ಅವರ ದಾನದಿಂದ ಅಮೃತಶಿಲೆಯಲ್ಲಿ ಮತ್ತೆ ಎದ್ದುನಿಂತಿದ್ದ ಪ್ರಾಚೀನ ಪ್ಯಾನಾಥೆನಾಯಿಕ್ ಕ್ರೀಡಾಂಗಣದಲ್ಲಿ ದೊರೆ ಮೊದಲನೆಯ ಜಾರ್ಜ್ ಕ್ರೀಡಾಕೂಟವನ್ನು ಉದ್ಘಾಟಿಸಿದರು. ಎಳೆಯ ರಾಷ್ಟ್ರವೊಂದು ತನ್ನ ಸ್ವಾತಂತ್ರ್ಯದ ಹಬ್ಬದಂದೇ ತನ್ನ ಪ್ರಾಚೀನ ಪರಂಪರೆಯನ್ನು ಲೋಕದ ಮುಂದಿಟ್ಟ ಆ ಗಳಿಗೆ ನನ್ನ ಮಟ್ಟಿಗೆ ಈ ಮೂರರಲ್ಲಿ ಅತ್ಯಂತ ಹೃದ್ಯವಾದುದು.

ಗ್ರೀಕ್ ಸರ್ಕಾರ 1923ರಲ್ಲಿ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾಯಿತು: ಫೆಬ್ರವರಿ 16 ನೇರವಾಗಿ ಮಾರ್ಚ್ 1 ಆಯಿತು. ಚರ್ಚು ಮಾತ್ರ ಹಳೆಯದನ್ನೇ ಅನುಸರಿಸಿದ್ದರಿಂದ ರಾಷ್ಟ್ರೀಯ ಹಬ್ಬವೂ ಮಂಗಳವಾರ್ತೆಯೂ 13 ದಿನಗಳ ಅಂತರದಲ್ಲಿ ಬೇರೆಬೇರೆಯಾದವು. 1924ರ ಮಾರ್ಚ್ 10ನ್ನು ಮಾರ್ಚ್ 23 ಎಂದು ಎಣಿಸಿ ಚರ್ಚೂ ಹೊಸ ಲೆಕ್ಕಕ್ಕೆ ಬಂದಾಗ ಎರಡೂ ಮತ್ತೆ ಕೂಡಿದವು. ಅದಾದ ಎರಡೇ ದಿನಕ್ಕೆ, ಮಾರ್ಚ್ 25ರಂದು, ಅಲೆಕ್ಸಾಂಡ್ರೋಸ್ ಪಾಪನಾಸ್ತಾಸಿಯು ಪ್ರಧಾನಿಯಾಗಿದ್ದಾಗ ರಾಷ್ಟ್ರೀಯ ಸಭೆ ರಾಜಪ್ರಭುತ್ವವನ್ನು ರದ್ದುಮಾಡಿ ಗಣರಾಜ್ಯವನ್ನು ಘೋಷಿಸಿತು. ಏಪ್ರಿಲ್ 13ರ ಜನಮತಗಣನೆ ಅದನ್ನು ಎತ್ತಿಹಿಡಿಯಿತು. ಆ ಗಣರಾಜ್ಯ ಬಾಳಿದ್ದು 1935ರವರೆಗೆ ಮಾತ್ರ. ಹೊಸ ಪಂಚಾಂಗವನ್ನು ಒಪ್ಪದ ಆರ್ಥೊಡಾಕ್ಸ್ ಪಂಗಡಗಳಾದರೋ ಮಂಗಳವಾರ್ತೆಯ ಹಬ್ಬವನ್ನು ಇಂದಿಗೂ ಏಪ್ರಿಲ್ 7ರಂದೇ ಆಚರಿಸುತ್ತಿವೆ.