ಗಂಡು ಆಮೇಲೆ, ಮೊದಲು ಸೂರು

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಒಂದು ಕಾಮೆಂಟ್ ಓದಿದ ಮೇಲೆ ಅದನ್ನು ಪಕ್ಕಕ್ಕಿಟ್ಟೆ. 'ಅಂಡರ್ ದಿ ಟಸ್ಕನ್ ಸನ್' ಸಿನಿಮಾ ಬಗ್ಗೆ ಮಾತಾಡಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಸದ್ಯ, ಕೊನೆಗಾದರೂ ಅವಳಿಗೆ ಒಬ್ಬ ಸಿಕ್ಕಿದ. ಇಲ್ಲದಿದ್ದರೆ ಅಷ್ಟು ದೊಡ್ಡ ಮನೆಯಲ್ಲಿ ಒಂಟಿ ಹೆಂಗಸು ಏನು ಮಾಡಬೇಕಿತ್ತು?"

ಏನು ಮಾಡಬೇಕಿತ್ತಾ? ಇರಬೇಕಿತ್ತು! ಅದು ಅವಳ ಮನೆ.

ನೋಡದವರಿಗೆ ಬೇಗ ಹೇಳುತ್ತೇನೆ. 2003ರ ಸಿನಿಮಾ, ಬರೆದು ನಿರ್ದೇಶಿಸಿದವರು ಆಡ್ರೆ ವೆಲ್ಸ್. ಡಯೇನ್ ಲೇನ್ ಮಾಡಿದ ಪಾತ್ರದ ಹೆಸರು ಫ್ರಾನ್ಸಿಸ್, ಸ್ಯಾನ್ ಫ್ರಾನ್ಸಿಸ್ಕೋದ ಲೇಖಕಿ. ಗಂಡನಿಗೆ ಇನ್ನೊಬ್ಬಳ ಸಂಬಂಧ ಇದೆ ಅಂತ ಗೊತ್ತಾಗುತ್ತದೆ. ಆಮೇಲೆ ವಕೀಲರ ದೃಶ್ಯ ಬರುತ್ತದೆ. ಅಲ್ಲಿ ನನ್ನ ರಕ್ತ ಕುದಿಯಿತು. ಅವನು ಪುಸ್ತಕ ಬರೆಯುತ್ತೇನೆ ಅಂತ ಕೂತಿದ್ದಾಗ ದುಡಿದು ಸಂಸಾರ ನಡೆಸಿದವಳು ಇವಳು. ಹಾಗಾಗಿ ಇವಳೇ ಅವನಿಗೆ ಜೀವನಾಂಶ ಕೊಡಬೇಕಾಗಬಹುದಂತೆ! ಮೋಸ ಮಾಡಿದವನಿಗೆ! ಸಾಲದ್ದಕ್ಕೆ ಮನೆಯೂ ಅವನಿಗೇ ಬೇಕು. ಇವಳು ತನ್ನ ಪಾಲಿನ ದುಡ್ಡು ತೆಗೆದುಕೊಂಡು, ಒಂದಷ್ಟು ಪುಸ್ತಕದ ಪೆಟ್ಟಿಗೆ ಹೊತ್ತು ಹೊರಗೆ ಬರುತ್ತಾಳೆ. ಗೋಡೆಯಾಚೆಯಿಂದ ಪಕ್ಕದ ಮನೆಯವನ ಅಳು ಕೇಳುವಂಥ ಬಾಡಿಗೆ ಮನೆ ಸೇರುತ್ತಾಳೆ.

ಈಗ ಹೇಳಿ, ಇವಳು ಕಳೆದುಕೊಂಡದ್ದು ಏನು? ಬರೀ ಗಂಡನನ್ನಾ?

ಆ ದುಡ್ಡಿನಲ್ಲಿ ಅವಳು ಕೊಳ್ಳುವುದು ಇಟಲಿಯ ಕೊರ್ತೋನಾ ಊರಿನ ಹತ್ತಿರ ಬ್ರಮಸೋಲೆ ಅನ್ನುವ ಹಳೇ ಮನೆ. ಪೋಲೆಂಡ್‌ನಿಂದ ಬಂದ ಕೆಲಸಗಾರರು ಗೋಡೆ ಒಡೆಯುತ್ತಾರೆ, ಕಟ್ಟುತ್ತಾರೆ. ಒಂದು ದಿನ ಅವಳಿಗೆ ಭಯವಾಗುತ್ತದೆ. ಈ ಮನೆಯಲ್ಲಿ ಒಂದು ಮದುವೆ ಆಗಬೇಕು, ಒಂದು ಸಂಸಾರ ಇರಬೇಕು, ನನಗೆ ಎರಡೂ ಇಲ್ಲ ಅಂತ ಅಳುತ್ತಾಳೆ. ಆಗ ಮನೆ ಕೊಡಿಸಿದ ದಲ್ಲಾಳಿ ಮಾರ್ಟಿನಿ, ಆಲ್ಪ್ಸ್ ಬೆಟ್ಟದ ಸೆಮ್ಮರಿಂಗ್ ರೈಲು ಮಾರ್ಗದ ಕಥೆ ಹೇಳುತ್ತಾನೆ. ಅದು ನಿಜವಾದ ಮಾರ್ಗ, ಆಸ್ಟ್ರಿಯಾದಲ್ಲಿದೆ. 1848ರಲ್ಲಿ ಕೆಲಸ ಶುರುವಾಗಿ 1854ರಲ್ಲಿ ಮುಗಿಯಿತು. ಶುರು ಮಾಡಿದಾಗ ಆ ಏರು ಹತ್ತುವ ಎಂಜಿನ್ನೇ ಇರಲಿಲ್ಲ. ಆದರೂ ಹಳಿ ಹಾಕಿದರು. ನನ್ನ ಪ್ರಕಾರ ಇಡೀ ಸಿನಿಮಾದ ಜೀವ ಇರುವುದು ಇಲ್ಲೇ. ಮೊದಲು ಸೂರು, ಉಳಿದದ್ದು ಆಮೇಲೆ!

ಹಾಗೇ ಆಗುತ್ತದೆ ಕೂಡ. ಆ ಮನೆಯಂಗಳದಲ್ಲಿ ಮದುವೆ ನಡೆಯುತ್ತದೆ. ಅವಳದ್ದಲ್ಲ, ಕೆಲಸಕ್ಕೆ ಬಂದ ಹುಡುಗ ಪಾವೆಲ್ ಮತ್ತು ಊರಿನ ಹುಡುಗಿ ಕಿಯಾರಾದು. ಸಂಗಾತಿ ಬಿಟ್ಟುಹೋದ ಗೆಳತಿ ಪ್ಯಾಟಿ ತುಂಬು ಬಸುರಿಯಾಗಿ ಬಂದು ಸೇರುತ್ತಾಳೆ, ಮಗು ಹುಟ್ಟುತ್ತದೆ. ಮದುವೆಯೂ ಆಯಿತು, ಸಂಸಾರವೂ ಆಯಿತು. ನಡುವೆ ಅವಳು ಮನಸ್ಸು ಕೊಟ್ಟಿದ್ದ, ಪೊಸಿಟಾನೊ ಊರಿನ ಚೆಲುವ ಮಾರ್ಚೆಲ್ಲೊ ಅಷ್ಟರಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆ. ಇರಲಿ ಬಿಡಿ! ಅವನಿಲ್ಲದೆ ಯಾವ ಕೆಲಸ ನಿಂತಿದೆ?

ಅಲ್ಲಿಗೆ ಮುಗಿಸಬೇಕಿತ್ತು. ಮುಗಿಸಲಿಲ್ಲ. ಕೊನೆಯಲ್ಲಿ ಒಬ್ಬ ಅಮೆರಿಕನ್ ಲೇಖಕನನ್ನು ತಂದು ಸುಮ್ನೆ ನಿಲ್ಲಿಸುತ್ತಾರೆ. ಹೆಸರು ಎಡ್.

"ನಿಜ ಜೀವನದಲ್ಲಿ ಎಡ್ ಇದ್ದರು" ಅಂತ ಈಗಲೇ ಯಾರೋ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಇದ್ದರು. ಈ ಸಿನಿಮಾಕ್ಕೆ ಆಧಾರ, ಲೇಖಕಿ ಫ್ರಾನ್ಸಿಸ್ ಮೇಯ್ಸ್ ತಮ್ಮದೇ ಅನುಭವದ ಬಗ್ಗೆ 1996ರಲ್ಲಿ ಬರೆದ ಪುಸ್ತಕ; ಅದರಲ್ಲಿ ಎಡ್ ಮೊದಲಿನಿಂದಲೇ ಅವರ ಜೊತೆಗಿದ್ದಾರೆ. ಮೋಸ ಮಾಡುವ ಗಂಡ, ಒಂಟಿ ಪ್ರಯಾಣ, ಮಾರ್ಚೆಲ್ಲೊ ಎಲ್ಲ ಸಿನಿಮಾದವರು ಸೇರಿಸಿದ್ದು. ಅಷ್ಟೆಲ್ಲ ಬದಲಾಯಿಸಿದವರಿಗೆ ಕೊನೆಯ ದೃಶ್ಯದಲ್ಲಿ ಮಾತ್ರ ಪುಸ್ತಕ ನೆನಪಾಯಿತಾ?

ಇನ್ನೊಬ್ಬರು ಕೇಳಿದ್ದಾರೆ, "ಅವಳ ಹತ್ತಿರ ದುಡ್ಡಿತ್ತು, ನಮ್ಮ ಹೆಣ್ಣುಮಕ್ಕಳು ಏನು ಮಾಡಬೇಕು?" ಅಯ್ಯೋ, ನಾನೂ ಅದನ್ನೇ ಹೇಳುತ್ತಿದ್ದೇನೆ! ಇಲ್ಲಿ ಗಂಡ ಮೋಸ ಮಾಡಿದರೆ ಎಲ್ಲರೂ ಅವಳಿಗೇ ಹೇಳುವುದು, "ಸ್ವಲ್ಪ ದಿನ ತವರಿಗೆ ಹೋಗಿ ಬಾ." ಯಾಕೆ ಹೋಗಬೇಕು? ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರಲ್ಲಿ ಬಂದ ಕಾಯ್ದೆಯ 17ನೇ ಸೆಕ್ಷನ್ ಓದಿ. ಮನೆ ಹೆಂಡತಿಯ ಹೆಸರಲ್ಲಿ ಇಲ್ಲದಿದ್ದರೂ, ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ಕಾನೂನು ಪ್ರಕಾರ ಅಲ್ಲದೆ ಅವಳನ್ನು ಹೊರಗೆ ಹಾಕುವ ಹಾಗಿಲ್ಲ. ಈ ತುಣುಕನ್ನು ನಿಮ್ಮ ಅಕ್ಕತಂಗಿಯರ ವಾಟ್ಸಾಪ್ ಗ್ರೂಪಿಗೆ ಹಾಕಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಮಾಡಿ, ಇಂಥ ವಿಷಯ ಜಾಸ್ತಿ ಜನಕ್ಕೆ ತಲುಪಬೇಕು.

"ಪ್ರೀತಿ ಬೇಡವಾ ಹಾಗಾದರೆ?" ಬೇಕು ಸ್ವಾಮಿ, ಯಾರು ಬೇಡ ಅಂದರು? ಬಾಗಿಲ ಕೀಲಿಕೈ ಅವಳ ಕೈಯಲ್ಲಿರಲಿ, ಆಮೇಲೆ ಯಾರನ್ನು ಬೇಕಾದರೂ ಊಟಕ್ಕೆ ಕರೆಯಲಿ. "ರೊಮ್ಯಾಂಟಿಕ್ ಕಾಮಿಡಿ ಅಂದಮೇಲೆ ಹೀರೋ ಇರಲೇಬೇಕು" ಅನ್ನುತ್ತೀರಾ? ಯಾರು ಮಾಡಿದ ರೂಲು ಅದು? ನನಗೆ ಆ ಎಡ್ ಬೇಡ. ಒಳ್ಳೆಯವನೇ ಇರಬಹುದು, ಆದರೂ ಬೇಡ. ಬೇಡ ಅಂದರೆ ಬೇಡ!

ಮುಂದಿನ ವಾರ 1998ರ 'ಹೋಪ್ ಫ್ಲೋಟ್ಸ್'. ಗಂಡನ ಮೋಸ ಸಾಂಡ್ರಾ ಬುಲಕ್‌ಗೆ ಟಿವಿ ಶೋನಲ್ಲಿ, ಊರೆಲ್ಲ ನೋಡುತ್ತಿರುವಾಗ ಗೊತ್ತಾಗುತ್ತದೆ. ಮಗಳನ್ನು ಕರೆದುಕೊಂಡು ಅಮ್ಮನ ಮನೆಗೆ ಹೋಗುತ್ತಾಳೆ. ನೋಡಿಕೊಂಡು ಬನ್ನಿ, ಅಲ್ಲೂ ನಾನು ಮೊದಲು ಮನೆಯ ವಿಷಯವನ್ನೇ ಎತ್ತುವುದು.