ಪಟ್ಟಿ ಎಣಿಸಬೇಡಿ, ಓದಿ

ಎಲ್ರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೋ ಇಟ್ಕೊಂಡು ಕೇಳ್ತಿರೋ ಅಮ್ಮಂದಿರು, ಮಗಳು ಪಿಎಚ್‌ಡಿ ಮಾಡ್ತಾಳೆ ಆದ್ರೆ ಅದೇನು ಅಂತ ನಂಗೆ ಇವತ್ತಿಗೂ ತಿಳೀಲಿಲ್ಲ ಅನ್ನೋ ಅಪ್ಪಂದಿರು, ನಿಮ್ಮನ್ನೇ ಎದುರಿಗೆ ಕೂರಿಸ್ಕೊಂಡು ಮಾತಾಡ್ತೀನಿ. ಯಾರಾದ್ರೂ ವಿಜ್ಞಾನಿ ಅಂದ ತಕ್ಷಣ ನಮ್ಮ ಜನ ಕೇಳೋ ಮೊದಲ ಪ್ರಶ್ನೆ, ಎಷ್ಟು ಪೇಪರ್, ಅಂದ್ರೆ ಸಂಶೋಧನಾ ಲೇಖನ, ಬರ್ದಿದಾರೆ ಸಾರ್? ದಯವಿಟ್ಟು ಎಣಿಸಬೇಡಿ. ಆ ಪೇಪರ್‌ಗಳ ಪಟ್ಟಿ ಓದಿ. ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ.

ಯಾರ ಪಟ್ಟಿ? ಲಿನ್ ಮಾರ್ಗುಲಿಸ್ ಅನ್ನೋ ಜೀವವಿಜ್ಞಾನಿ ಹೆಣ್ಣುಮಗಳದ್ದು. 1938ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಹುಟ್ಟಿದೋರು, 2011ರಲ್ಲಿ ತೀರ್ಕೊಂಡ್ರು. ಅವರ ಮಾತು ತುಂಬ ಸುಲಭ. ನಮ್ಮ ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಅಂತ ಪುಟ್ಟ ಪುಟ್ಟ ಕಾಳಿನ ಥರ ಇರ್ತವೆ, ತಿಂದ ಅನ್ನದಿಂದ ಶಕ್ತಿ ತೆಗೆಯೋದು ಅವೇ. ಅವು ಒಂದು ಕಾಲಕ್ಕೆ ಸ್ವತಂತ್ರವಾಗಿ ಬದುಕ್ತಿದ್ದ ಬ್ಯಾಕ್ಟೀರಿಯಾ. ಇನ್ನೊಂದು ಕೋಶದ ಒಳಗೆ ಸೇರ್ಕೊಂಡ್ವು, ಜೀರ್ಣ ಆಗ್ಲಿಲ್ಲ, ಹೊರಗೂ ಹೋಗ್ಲಿಲ್ಲ, ಅಲ್ಲೇ ಸಂಸಾರ ಹೂಡಿದ್ವು. ಎಲೆಯ ಹಸಿರು, ಅಂದ್ರೆ ಕ್ಲೋರೋಪ್ಲಾಸ್ಟ್, ಅದೂ ಹಾಗೆ ಬಂದಿದ್ದೇ. ಎಲೆ ಹಸಿರಿನ ಬಗ್ಗೆ ಈ ಮಾತನ್ನ ರಷ್ಯಾದ ಜೀವವಿಜ್ಞಾನಿ ಮೆರೆಷ್‌ಕೋವ್‌ಸ್ಕಿ 1905ರಲ್ಲೇ ಹೇಳಿದ್ರು, ಆಗ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಈಗ ನನ್ನ ಕಥೆ ಒಂದು ಹೇಳ್ಬೇಕು. ನಾನು ಎಂಎಸ್ಸಿ ಓದೋವಾಗ ಇವರ ಆ ಮೊದಲ ದೊಡ್ಡ ಪೇಪರ್ ಓದ್ಲೇಬೇಕು ಅಂತ ಹಠ ಹಿಡಿದು ಲೈಬ್ರರಿಗೆ ಹೋದೆ. ಆಗ ಇಂಟರ್‌ನೆಟ್ಟು ಎಲ್ಲಿ, ದಪ್ಪ ದಪ್ಪ ಬೈಂಡ್ ಮಾಡಿದ ವಾಲ್ಯೂಮು, ಧೂಳು ಒರೆಸಿ ತೆಗೀಬೇಕು. ಜರ್ನಲ್ ಆಫ್ ಥಿಯರೆಟಿಕಲ್ ಬಯಾಲಜಿ ಅನ್ನೋ ಸಂಶೋಧನಾ ಪತ್ರಿಕೆ, 1967, ಅಷ್ಟು ಗೊತ್ತಿತ್ತು. ಲೇಖಕರ ಹೆಸರಿನ ಪಟ್ಟಿಯಲ್ಲಿ 'ಎಂ' ಅಕ್ಷರ ಪೂರ್ತಿ ಬೆರಳಿಟ್ಟು ನೋಡ್ದೆ, ಮಾರ್ಗುಲಿಸ್ ಇಲ್ಲ. ಮಾರನೇ ದಿನ ಸಂಜೆ ಮತ್ತೆ ಹೋದೆ, ಇಲ್ಲ. ಯಾರೋ ತಪ್ಪು ಇಸವಿ ಹೇಳಿದಾರೆ ಅಂತ ಸಿಟ್ಟು ಬಂತು. ನಮ್ಮ ಮೇಡಮ್ ಹತ್ರ ಹೋಗಿ ಹೇಳಿದ್ರೆ ಅವರು, ಅಲ್ಲಪ್ಪಾ, ಮಾರ್ಗುಲಿಸ್ ಅವರ ಆಮೇಲಿನ ಪೇಪರ್‌ಗಳ ಕೊನೇಲಿರೋ ಆಧಾರಗಳ ಪಟ್ಟಿ ಓದಿದೀಯಾ ಅಂದ್ರು. ಓದಿದ್ರೆ ಅಲ್ಲಿತ್ತು: ಸೇಗನ್, ಎಲ್., 1967. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರನ್ನ ಮದುವೆಯಾಗಿದ್ರು ನೋಡಿ, ವಿಚ್ಛೇದನ ಆದ್ಮೇಲೂ ಪೇಪರ್ ಬಂದಿದ್ದು ಲಿನ್ ಸೇಗನ್ ಅನ್ನೋ ಹೆಸರಲ್ಲೇ. ಓಡಿ ಹೋಗಿ 'ಎಸ್' ತೆಗೆದ್ರೆ, ಅದೇ ವಾಲ್ಯೂಮು, ಎರಡು ದಿನ ನನ್ನ ಕೈಯಲ್ಲೇ ಇದ್ದಿದ್ದು! 'ಆನ್ ದ ಒರಿಜಿನ್ ಆಫ್ ಮೈಟೋಸಿಂಗ್ ಸೆಲ್ಸ್', ಅಂದ್ರೆ ನಮ್ಮ ಥರದ ಜೀವಕೋಶಗಳು ಹೇಗೆ ಹುಟ್ಟಿದ್ವು ಅನ್ನೋದು. ಲೈಬ್ರರಿ ಮುಚ್ಚೋ ಗಂಟೆ ಹೊಡೆಯೋ ತನಕ ನಿಂತ್ಕೊಂಡೇ ಓದ್ದೆ. ಆ ಪೇಪರ್ ಬರೋಕೆ ಮುಂಚೆ ಸುಮಾರು 15 ಜರ್ನಲ್‌ಗಳು ಬೇಡ ಅಂದಿದ್ವಂತೆ, ಅವರೇ ಹೇಳ್ಕೊಂಡಿದಾರೆ. 15! ಆ ವರ್ಷ ಯಾವ್ದಾದ್ರೂ ಕಮಿಟಿ ಕೂತು ಎಣಿಸಿದ್ರೆ ಏನು ಸಿಗ್ತಿತ್ತು ಹೇಳಿ? ಅದಕ್ಕೇ ಹೇಳೋದು, ಎಣಿಸಬೇಡಿ.

ಕಥೇಲೇ ಅರ್ಧ ಟೈಮ್ ಹೋಯ್ತು, ಉಳಿದದ್ದು ಬೇಗ ಹೇಳ್ತೀನಿ. 1970ರಲ್ಲಿ ಅದೇ ವಿಷಯ ಪುಸ್ತಕ ಆಯ್ತು. 1974ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಜೊತೆ ಭೂಮಿಯ ಗಾಳಿಯನ್ನ ಜೀವಿಗಳೇ ಹದದಲ್ಲಿ ಇಡ್ತವೆ ಅನ್ನೋ ಪೇಪರ್. ಆಮೇಲೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಕಡಲತೀರದಲ್ಲಿ ಚಾಪೆ ಥರ ಪದರ ಪದರವಾಗಿ ಬೆಳೆಯೋ ಬ್ಯಾಕ್ಟೀರಿಯಾ, ಆಮೇಲೆ ಗೆದ್ದಲ ಹೊಟ್ಟೆ. ಎಣಿಸೋರಿಗೆ ಇದು ಕಲಸುಮೇಲೋಗರ. ಓದೋರಿಗೆ ಒಂದೇ ಪ್ರಶ್ನೆ: ಒಬ್ಬರೊಳಗೆ ಒಬ್ಬರು ಹೇಗೆ ಬಾಳ್ತಾರೆ?

ಗೆದ್ದಲು ಅಂದೆನಲ್ಲ, ಹಳೇ ಕುರ್ಚಿ ಕಾಲು ಕೊರೆಯೋ ಒಣಮರದ ಗೆದ್ದಲು ಒಂದನ್ನ ಸ್ಲೈಡ್ ಮೇಲಿಟ್ಟು, ಫೋರ್ಸೆಪ್ಸಲ್ಲಿ ಹಿಂಭಾಗ ಮೆಲ್ಲಗೆ ಎಳೆದ್ರೆ ಕರುಳು ದಾರದ ಥರ ಬರುತ್ತೆ, ಅದನ್ನ ಒಂದು ಹನಿ ಉಪ್ಪುನೀರಲ್ಲಿ ಒಡೆದು ಮೈಕ್ರೋಸ್ಕೋಪಲ್ಲಿ ನೋಡಿ. ಸಂತೆ! ಪೇರ್ (ಮರಸೇಬು) ಹಣ್ಣಿನಾಕಾರದ ಒಂದೇ ಕೋಶದ ಜೀವಿಗಳು, ಅವುಗಳ ಹೊಟ್ಟೆಯಲ್ಲಿ ಮರದ ಚೂರು, ಸುತ್ತ ಸ್ಕ್ರೂ ಥರ ಸುರುಳಿ ಬ್ಯಾಕ್ಟೀರಿಯಾ. ಗಾಳಿ ತಾಗಿ ಸ್ವಲ್ಪ ಹೊತ್ತಲ್ಲೇ ಎಲ್ಲ ನಿಧಾನ ಆಗ್ತವೆ, ಹಾಗಾಗಿ ಕೂತ್ಕೊಂಡು ಮಾತಾಡೋ ಹಾಗಿಲ್ಲ, ನೋಡ್ಬೇಕು. ಆಸ್ಟ್ರೇಲಿಯಾದ ಒಂದು ಗೆದ್ದಲಲ್ಲಿ ಮಿಕ್ಸೋಟ್ರಿಕ ಅಂತ ಜೀವಿ ಇದೆ, ಅದರ ಮೈಮೇಲೆ ರೋಮ ಅಂತ ಕಾಣೋದು ನಿಜವಾಗಿ ಅಂಟಿಕೊಂಡಿರೋ ಸುರುಳಿ ಬ್ಯಾಕ್ಟೀರಿಯಾ, ಅದನ್ನ ಈಜಿಸೋದೂ ಅವೇ.

ಮೈಟೋಕಾಂಡ್ರಿಯಾ ಒಂದು ಕಾಲದ ಬ್ಯಾಕ್ಟೀರಿಯಾ ಅನ್ನೋದಕ್ಕೆ ಪುರಾವೆ ಬೇಕಲ್ಲ? ಅದಕ್ಕೆ ತನ್ನದೇ ಡಿಎನ್‌ಎ, ಅಂದ್ರೆ ವಂಶದ ಬರಹ, ಇದೆ, ಬ್ಯಾಕ್ಟೀರಿಯಾದ್ದರ ಹಾಗೆ ಉಂಗುರದಾಕಾರದ್ದು, ನಮ್ಮಲ್ಲಿ ಅದರಲ್ಲಿರೋದು 37 ಜೀನು. 1970ರ ದಶಕದಲ್ಲಿ ಆರ್‌ಎನ್‌ಎ (ಡಿಎನ್‌ಎ ಬರಹದ ನಕಲು), ಪ್ರೋಟೀನ್ ಇವುಗಳ ಕಣಗಳ ಸಾಲನ್ನ ಅಕ್ಷರದ ಥರ ಹೋಲಿಸಿ ನೋಡಿದಾಗ ನೆಂಟಸ್ತನ ಬ್ಯಾಕ್ಟೀರಿಯಾ ಜೊತೆಗೇ ಅಂತ ಗೊತ್ತಾಯ್ತು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನ ಸದಸ್ಯರಾಗಿ ಆರಿಸ್ತು.

ಸ್ಟುಡಿಯೋದೋರು ಗಾಜಿನಾಚೆಯಿಂದ ಕೈ ತೋರಿಸ್ತಿದಾರೆ, ನಿಲ್ಲಿಸ್ತೀನಿ. ಆ 1967ರ ಪೇಪರ್ ಈಗ ಫೋನಲ್ಲೇ ಸಿಗುತ್ತೆ. ಹುಡುಕೋವಾಗ ಮಾತ್ರ ಸೇಗನ್ ಅಂತ ಹುಡುಕಿ. ನಮಸ್ಕಾರ.