ಗೇರೆಣ್ಣೆ, ಪುನರ್ಪುಳಿ, ಮತ್ತೆ ಲೂಪಸ್

ಎಲ್ರಿಗೂ ನಮಸ್ಕಾರ. ಬಂದ ಕೂಡ್ಲೇ ಒಂದು ಲೋಟ ಪುನರ್ಪುಳಿ ಶರಬತ್ತು ಕೊಟ್ರಿ, ಚೆನ್ನಾಗಿತ್ತು, ಆದ್ರೆ ಅದನ್ನ ಕುಡೀತಾ ಕುಡೀತಾ ಬರ್ಕೊಂಡು ಬಂದಿದ್ದರಲ್ಲಿ ಅರ್ಧ ಬಿಟ್ಟೆ. ಯಾಕಂದ್ರೆ ನಮ್ಮ ಸಂಬಂಧಿಕರ ಹುಡುಗಿ ಒಬ್ಳಿಗೆ ಲೂಪಸ್ ಇದೆ, ಅಂದ್ರೆ ಮೈಯ ರೋಗನಿರೋಧಕ ಶಕ್ತಿ ಮೈ ಮೇಲೇ ತಿರುಗಿ ಬೀಳೋ ಕಾಯಿಲೆ, ಅದಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಸ್ಟೀರಾಯ್ಡ್ ಎರಡೂ ನಡೀತಿತ್ತು, ಹೋದ ವರ್ಷ ಒಂದು ವಾಟ್ಸಾಪ್ ಮೆಸೇಜ್ ನಂಬಿ ಎಲ್ಲಾ ನಿಲ್ಸಿ ಮೂರು ತಿಂಗಳು ಪುನರ್ಪುಳಿ ಸಿಪ್ಪೆ ಕಷಾಯ ಕುಡಿದ್ಲು. "ಎಪಿಜೆನೆಟಿಕ್ಸ್ ಪ್ರಕಾರ" ಪುನರ್ಪುಳಿಯಿಂದ ಲೂಪಸ್ ವಾಸಿಯಾಗುತ್ತೆ ಅಂತಿತ್ತು ಮೆಸೇಜಲ್ಲಿ; ಎಪಿಜೆನೆಟಿಕ್ಸ್ ಅಂದ್ರೆ ಜೀನ್ ಬದಲಾಗದೇನೇ ಅದು ತೆರೆಯೋದು, ಮುಚ್ಚೋದು ಹೇಗೆ ಅನ್ನೋ ವಿಜ್ಞಾನ. ಕಾಲು ಊದ್ಕೊಂಡು ಆಸ್ಪತ್ರೆಗೆ ಹೋದಾಗ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿತ್ತು, ಅಂದ್ರೆ ಕಿಡ್ನಿಗೆ ಬಂದಿತ್ತು. ಈಗ ಪರವಾಗಿಲ್ಲ. ನನಗೆ ತಲೆ ಕೆಟ್ಟಿದ್ದು ಆ ಮೆಸೇಜ್ ಪೂರ್ತಿ ಸುಳ್ಳಲ್ಲ ಅನ್ನೋದಕ್ಕೆ.

ಅದರ ಮೂಲ ನಮ್ಮ ಬೆಂಗಳೂರೇ. ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರ್, ತಪಸ್ ಕುಂಡು ಅವರ ಲ್ಯಾಬ್, 2003. ಅವ್ರು ಹಿಡ್ಕೊಂಡಿದ್ದು ಗೇರುಬೀಜದ ಸಿಪ್ಪೆ ಎಣ್ಣೆ. ಇಲ್ಲಿ ಗೇರುಬೀಜದ ಫ್ಯಾಕ್ಟರೀಲಿ ಕೆಲಸ ಮಾಡಿದವರು ಯಾರಾದ್ರೂ ಇದ್ದೀರಾ? ಹಾಂ, ಅಲ್ಲಿ ನಗ್ತಿದ್ದಾರೆ ನೋಡಿ. ನಮ್ಮ ದೊಡ್ಡಮ್ಮ ಬೀಜ ಒಡೆಯೋಕೆ ಹೋಗ್ತಿದ್ರು, ಬೂದಿ ಹಚ್ಕೊಂಡು ಕೂತ್ರೂ ಬೆರಳ ತುದಿ ಕಪ್ಪಾಗಿ ಚರ್ಮ ಪದರ ಪದರ ಎದ್ದಿರೋದು, ಮದುವೆ ಮನೇಲಿ ಕೈ ಸೆರಗಿನೊಳಗೇ ಇಟ್ಕೊಂಡಿರೋರು, ಫೋಟೋ ತೆಗೀವಾಗ್ಲೂ. ಆ ಹಸಿ ಎಣ್ಣೇಲಿ ಇರೋದು ಅನಕಾರ್ಡಿಕ್ ಆಸಿಡ್, ಅದು ಪಿ300 ಅನ್ನೋ ಎನ್‌ಜೈಮ್‌ನ ಕೈ ಕಟ್ಟಿ ಹಾಕುತ್ತೆ ಅಂತ ಅವ್ರು ತೋರಿಸಿದ್ರು.

ಪಿ300 ಏನ್ ಮಾಡುತ್ತೆ? ಒಂದೊಂದು ಜೀವಕೋಶದೊಳಗೂ ಸುಮಾರು 2 ಮೀಟರ್ ಡಿಎನ್‌ಎ, ಟ್ರಂಕಲ್ಲಿ ಸೀರೆ ಇಟ್ಟ ಹಾಗೆ ಹಿಸ್ಟೋನ್ ಅನ್ನೋ ಪ್ರೋಟೀನ್‌ಗೆ ಸುತ್ತಿ ಮಡಚಿ ಇಟ್ಟಿರುತ್ತೆ. ಮಡಿಕೆ ಬಿಗಿ ಇದ್ರೆ ಆ ಜೀನ್ ಓದೋಕಾಗಲ್ಲ. ಪಿ300 ಹಿಸ್ಟೋನ್‌ಗೆ ಅಸಿಟೈಲ್ ಅನ್ನೋ ಪುಟ್ಟ ರಾಸಾಯನಿಕ ಗುರುತು ಅಂಟಿಸಿ ಮಡಿಕೆ ಸಡಿಲ ಮಾಡುತ್ತೆ, ಎಚ್‌ಡಿಎಸಿ ಅನ್ನೋ ಗುಂಪು ಅದನ್ನ ಕಿತ್ತು ಮತ್ತೆ ಬಿಗಿ ಮಾಡುತ್ತೆ. ಉರಿಯೂತದ ಜೀನ್‌ಗಳು ತೆರೆಯೋದ್ರಲ್ಲಿ ಪಿ300 ಕೈವಾಡ ಇದೆ. ಸೀರೆ ಹರಿದಿಲ್ಲ, ಬರೀ ಮಡಿಕೆ ಬದಲಾಗಿದೆ, ಅಂದ್ರೆ ಮತ್ತೆ ಮಡಚಬಹುದು, ಔಷಧಿ ಹುಡುಕೋರಿಗೆ ಆಸೆ ಹುಟ್ಟೋದು ಅಲ್ಲೇ.

ನನಗೆ ತುಂಬಾ ಇಷ್ಟದ ವಿಷಯ ಅಂದ್ರೆ, ಅದೇ ಲ್ಯಾಬಿನವರು ಅನಕಾರ್ಡಿಕ್ ಆಸಿಡ್‌ನ ರಚನೆ ಸ್ವಲ್ಪ ಬದಲಾಯಿಸಿ ಸಿಟಿಪಿಬಿ ಅಂತ ಮಾಡಿದ್ರು, ಅದು ಪಿ300ನ ತಡೆಯೋ ಬದ್ಲು ಚುರುಕು ಮಾಡ್ತು! ಬ್ರೇಕ್ ಹೋಗಿ ಆಕ್ಸಿಲರೇಟರ್ ಆಯ್ತು. ಇನ್ನು 2004ರಲ್ಲಿ ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್, ಅದೇ ವರ್ಷ ಅರಿಶಿನದ ಕರ್ಕ್ಯುಮಿನ್, ಎರಡೂ ಪಿ300ನ ತಡೀತವೆ ಅಂತ ಬಂತು. ಮೆಸೇಜ್ ಮಾಡಿದವ್ರು ಇಲ್ಲಿಗೇ ಓದೋದು ನಿಲ್ಸಿದ್ದಾರೆ. ಗಾರ್ಸಿನಾಲ್ ಹಾಕಿದ ಜೀವಕೋಶಗಳು ಸತ್ತೂ ಹೋದ್ವು, ಅದಕ್ಕೇ ಅದರಿಂದ ಎಲ್‌ಟಿಕೆ14 ಅಂತ ಇನ್ನೊಂದನ್ನ ಮಾಡ್ಬೇಕಾಯ್ತು, ಅದು 2007ಕ್ಕೆ. ಇದೆಲ್ಲ ತಟ್ಟೇಲಿ ಬೆಳೆಸಿದ ಜೀವಕೋಶದ ಮೇಲೆ, ಲೋಟದಲ್ಲಿ ಅಲ್ಲ.

ಮಡಿಕೆ ಮುಟ್ಟಿದ್ರೆ ಒಳ್ಳೇದೇ ಆಗುತ್ತೆ ಅನ್ನೋರಿಗೆ ಹೈಡ್ರಲಜಿನ್ ಕತೆ ಹೇಳ್ಬೇಕು. ಬಿಪಿ ಮಾತ್ರೆ. 1950ರ ದಶಕದಲ್ಲೇ, ಅದನ್ನ ತಗೊಂಡ ಕೆಲವ್ರಿಗೆ ಕೀಲುನೋವು, ಜ್ವರ, ನೋಡಿದ್ರೆ ಥೇಟ್ ಲೂಪಸ್, ಮಾತ್ರೆ ಬಿಟ್ರೆ ಹೆಚ್ಚಿನವರಿಗೆ ವಾಸಿ. ಯಾಕೆ ಅಂತ ಮಿಶಿಗನ್‌ನ ಬ್ರೂಸ್ ರಿಚರ್ಡ್‌ಸನ್ ಬೆನ್ನು ಹತ್ತಿದ್ರು. ಹೈಡ್ರಲಜಿನ್ ನಮ್ಮ ರೋಗನಿರೋಧಕ ಸೈನ್ಯದ ಟಿ ಕೋಶದ ಡಿಎನ್‌ಎ ಮೇಲಿನ ಮಿಥೈಲ್ ಗುರುತು, ಅಂದ್ರೆ ಜೀನ್ ಮುಚ್ಚಿಡೋ ಇನ್ನೊಂದು ಗುರುತು, ಕಮ್ಮಿ ಮಾಡುತ್ತೆ. ಹಾಗೆ ಗುರುತು ಕಳಕೊಂಡ ಟಿ ಕೋಶಗಳನ್ನ ಆರೋಗ್ಯವಾಗಿದ್ದ ಇಲಿಗೆ ಚುಚ್ಚಿದ್ರೆ, ಇಲಿಗೆ ಲೂಪಸ್ ತರದ್ದೇ ಕಾಯಿಲೆ! ಮುಚ್ಚಿರ್ಬೇಕಾದ್ದು ತೆರೆದ್ರೆ ನಮ್ಮ ಸೈನ್ಯ ನಮ್ಮ ಮೇಲೇ.

ಚೀಟಿ ಬಂತು, ಐದು ನಿಮಿಷ ಅಂತೆ. 2010ರಲ್ಲಿ ಜೆಕ್ಯೂ1 ಮತ್ತೆ ಐ-ಬೆಟ್ ಅನ್ನೋ ಹೊಸ ಅಣುಗಳು ಬಂದ್ವು, ಅಸಿಟೈಲ್ ಗುರುತು ಓದೋ ಪ್ರೋಟೀನ್‌ಗೇ ಕಣ್ಣು ಕಟ್ಟೋವು, ಐ-ಬೆಟ್ ಇಲಿಗಳನ್ನ ಸೆಪ್ಸಿಸ್‌ನಿಂದ, ಅಂದ್ರೆ ಸೋಂಕಿಗೆ ಮೈಯೆಲ್ಲ ಉರಿಯೂತ ಏಳೋದ್ರಿಂದ, ಉಳಿಸ್ತು. ಎಚ್‌ಡಿಎಸಿ ತಡೆಯೋ ವೊರಿನೋಸ್ಟಾಟ್ ಮಾತ್ರೆಗೆ 2006ರಲ್ಲೇ ಅನುಮತಿ, ಆದ್ರೆ ಚರ್ಮದ ಲಿಂಫೋಮಾ ಅನ್ನೋ ಕ್ಯಾನ್ಸರ್‌ಗೆ. ಕ್ಯಾನ್ಸರ್‌ನಲ್ಲಿ ಒಂದಿಷ್ಟು ಪ್ಲೇಟ್‌ಲೆಟ್ ಇಳಿದ್ರೂ ಸಹಿಸ್ಕೋಬಹುದು, ಇಪ್ಪತ್ತೆರಡರ ಹುಡುಗಿ ನಲವತ್ತು ವರ್ಷ ನುಂಗ್ಬೇಕಾದ ಮಾತ್ರೇಲಿ ಆಗಲ್ಲ. ಈ ಔಷಧಿಗಳಿಗೆ ವಿಳಾಸ ಗೊತ್ತಿಲ್ಲ, ಎಲ್ಲಾ ಟ್ರಂಕಿಗೂ ಕೈ ಹಾಕ್ತವೆ.

ಇನ್ನೊಂದೇ ಒಂದು, ಮೈಕ್ ತಗೋಬೇಡಿ. ಆ ಹುಡುಗಿ ಬಿಟ್ಟ ಸ್ಟೀರಾಯ್ಡ್ ಇದ್ಯಲ್ಲ, ಲಂಡನ್ನಿನ ಪೀಟರ್ ಬಾರ್ನ್ಸ್ ತಂಡ ಅದರ ಕೆಲಸ ಬಿಡಿಸಿಟ್ಟಿದೆ: ಜೀವಕೋಶದೊಳಗೆ ಹೋಗಿ ಎಚ್‌ಡಿಎಸಿ2ನ ಕರ್ಕೊಂಡು ಬಂದು, ತೆರೆದ ಉರಿಯೂತದ ಜೀನ್‌ಗಳನ್ನ ಮತ್ತೆ ಮಡಚುತ್ತೆ. ಎಪಿಜೆನೆಟಿಕ್ಸ್ ಔಷಧಿ ಬೇಕು ಅಂತ ಅವಳು ನಿಲ್ಸಿದ್ದೇ ಅದನ್ನ. ಹಾಂ, ಹಿಂದಿನ ಸಾಲಲ್ಲಿ ಕೈ ಎತ್ತಿದ್ದೀರಿ, ಕೇಳಿ.